ಮರಕ್ಕೆ ಅಂಟಿದ ತಟ್ಟೆ ಅಣಬೆ: ಗುರುತು ಹಿಡಿಯುವುದು ಹೇಗೆ, ಆಮೇಲೆ ಮಾಡುವುದೇನು

ಮೈಸೂರಿನಲ್ಲಿ ಏಪ್ರಿಲ್, ಮೇ ತಿಂಗಳ ಗಾಳಿಮಳೆ ಬಂತು ಅಂದರೆ ಮರುದಿನ ಪೇಪರಿನಲ್ಲಿ ಕಾರಿನ ಮೇಲೆ ಬಿದ್ದ ಮರದ ಫೋಟೋ ಗ್ಯಾರಂಟಿ. ಮುಂದಿನ ಸಲ ಅಂಥ ಫೋಟೋ ಕಂಡಾಗ ಕಾರು ಬಿಟ್ಟು ಮರದ ಬುಡ ನೋಡಿ. ಬೇರುಗಳು ಮಣ್ಣನ್ನು ಕಚ್ಚಿಕೊಂಡು ಎದ್ದು ಬಂದಿವೆಯಾ, ಅಥವಾ ಬುಡದ ಹತ್ತಿರವೇ ಮೊಂಡಾಗಿ ಮುರಿದಿವೆಯಾ? ಮೊಂಡಾಗಿ ಮುರಿದಿದ್ದರೆ ಗಾಳಿ ಬರೀ ನೆಪ. ಬೇರು ಕೊಳೆತು ಬಹಳ ದಿನವಾಗಿರುತ್ತದೆ. ಅದನ್ನು ಮೊದಲೇ ಹೇಳುವ ಗುರುತು ಎಷ್ಟೋ ಸಲ ಬುಡದಲ್ಲೇ ಎಲ್ಲರಿಗೂ ಕಾಣುವಂತೆ ಕೂತಿರುತ್ತದೆ. ತೊಗಟೆಯಿಂದ ಅಡ್ಡಕ್ಕೆ ಚಾಚಿಕೊಂಡ, ಮುಟ್ಟಿದರೆ ಮರದಷ್ಟೇ ಗಟ್ಟಿಯಾದ ಅಣಬೆ.

ಸಾಮಾನ್ಯ ಅಣಬೆಯ ಹಾಗೆ ಇದಕ್ಕೆ ಕೊಡೆ ಇರುವುದಿಲ್ಲ, ಎಷ್ಟೋ ಸಲ ತೊಟ್ಟೂ ಇರುವುದಿಲ್ಲ. ಒಂದು ಮಳೆಗೆ ಬಂದು ಎರಡು ದಿನಕ್ಕೆ ಕರಗಿ ಹೋಗುವುದೂ ಇಲ್ಲ. ಕೆಲವು ವರ್ಷಗಟ್ಟಲೆ ಅಲ್ಲೇ ಇದ್ದು ಬೆಳೆಯುತ್ತವೆ. ನಮಗೆ ಹೊರಗೆ ಕಾಣುವುದು ಅದರ ಕಾಯಿ ಮಾತ್ರ. ಅಸಲಿ ಅಣಬೆ ಸಣ್ಣ ಎಳೆಗಳಾಗಿ ಮರದ ಒಳಗೆ ಹರಡಿಕೊಂಡಿರುತ್ತದೆ. "ಕಿತ್ತಾಕ್ಬುಟ್ರೆ ಸರೋಯ್ತದೆ ಬುಡಿ ಸಾ" ಅಂತ ಮಂಡ್ಯದ ಕಡೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾವಿನಕಾಯಿ ಕಿತ್ತರೆ ಮಾವಿನ ಮರ ಸಾಯುತ್ತದಾ? ಇದೂ ಹಾಗೇ.

ಇದನ್ನು ಗುರುತಿಸುವಾಗ ಎಲ್ಲರೂ ಮೇಲ್ಭಾಗ ನೋಡಿ ಬಣ್ಣ ಹೇಳುತ್ತಾರೆ. ಮೇಲ್ಭಾಗವನ್ನು ಜಾಸ್ತಿ ನಂಬಬೇಡಿ. ಬಿಸಿಲಿಗೆ ಮಾಸಿರುತ್ತದೆ, ರಸ್ತೆ ಧೂಳು ಕೂತಿರುತ್ತದೆ, ಮಳೆಗಾಲದಲ್ಲಿ ಹಸಿರು ಪಾಚಿ ಕಟ್ಟಿರುತ್ತದೆ. ಒಂದೇ ಅಣಬೆ ಜೂನ್‌ನಲ್ಲಿ ಒಂದು ಬಣ್ಣ, ಜನವರಿಯಲ್ಲಿ ಇನ್ನೊಂದು. ಮೊದಲು ಅದು ಬೆಳೆದ ಜಾಗ ನೋಡಿ, ಆಮೇಲೆ ಬಗ್ಗಿ ಅಡಿಭಾಗ ನೋಡಿ. ಈ ಎರಡರಿಂದಲೇ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಹೊರಡುವ ಮುಂಚೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಒಂದು ಚಾಕು, ಫೋನು. ಅಳತೆಗೆ ಹತ್ತು ರೂಪಾಯಿ ನಾಣ್ಯ ಸಾಕು, ಅದರ ಅಗಲ 27 ಮಿ.ಮೀ. ಚೂರು ಮನೆಗೆ ತರುವುದಾದರೆ ಪೇಪರ್ ಕವರ್‌ನಲ್ಲಿ ತನ್ನಿ. ಪ್ಲಾಸ್ಟಿಕ್‌ನಲ್ಲಿ ಹಾಕಿದರೆ ಬೆವೆತು ಬೂಷ್ಟು ಹಿಡಿಯುತ್ತದೆ.

ಗಟ್ಟಿ ಅಣಬೆಗಳು ವರ್ಷವಿಡೀ ಸಿಗುತ್ತವೆ. ಆದರೆ ನೋಡಲು ಒಳ್ಳೆಯ ಸಮಯ ಜೂನ್‌ನಿಂದ ನವೆಂಬರ್. ನಮ್ಮ ಕಡೆ ಮೇ ತಿಂಗಳಲ್ಲಿ ಒಂದು ಸುತ್ತು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು ಸುತ್ತು ಜೋರು ಮಳೆ. ಮಳೆ ಬಿದ್ದ ಮೇಲೆ ಹಳೆಯ ಅಣಬೆಯ ಅಂಚಿನಲ್ಲಿ ಹೊಸದಾಗಿ ಬಿಳಿ ಅಥವಾ ಹಳದಿ ಪಟ್ಟಿ ಮೂಡುತ್ತದೆ. ಆ ಪಟ್ಟಿ ಇದ್ದರೆ ಅಣಬೆ ಬದುಕಿದೆ, ಬೆಳೆಯುತ್ತಿದೆ ಅಂತ ಅರ್ಥ. ಸತ್ತ ಅಣಬೆಯ ಅಡಿಭಾಗದಲ್ಲಿ ಹುಳ ತೂತು ಮಾಡಿರುತ್ತದೆ, ಬಣ್ಣ ಹೋಗಿರುತ್ತದೆ. ಅದನ್ನು ಹಿಡಿದುಕೊಂಡು ಹೆಸರು ಹುಡುಕುವುದು ಸುಮ್ನೆ ತಲೆನೋವು.

ಅಭ್ಯಾಸಕ್ಕೆ ದೂರ ಹೋಗಬೇಕಾಗಿಲ್ಲ. ಮಾನಸಗಂಗೋತ್ರಿಯ ಹಳೆಯ ಸಾಲುಮರ, ಕುಕ್ಕರಹಳ್ಳಿ ಕೆರೆ ಏರಿ, ಮಂಡ್ಯದ ಕಡೆಯಾದರೆ ನಾಲೆ ಪಕ್ಕದ ಮರಗಳು, ಹಳೇ ಮಾವಿನ ತೋಪು, ಎಲ್ಲಿ ಬೇಕಾದರೂ ನೋಡಬಹುದು. ಚಾಮುಂಡಿಬೆಟ್ಟದ ಕಾಡು, ರಂಗನತಿಟ್ಟು ಇಂಥ ಕಡೆ ಏನನ್ನೂ ಕೀಳಬೇಡಿ, ಫೋಟೋ ತೆಗೆದುಕೊಂಡು ಬನ್ನಿ. ಅರಳಿಕಟ್ಟೆಯ ಮರವಾದರೆ ಚಾಕು ತೆಗೆಯುವ ಮುಂಚೆ ಅಲ್ಲಿ ಕೂತವರನ್ನು ಒಂದು ಮಾತು ಕೇಳಿ. ಮತ್ತೆ, ಬುಡದ ಪೊಟರೆಗೆ ನೋಡದೆ ಕೈ ಹಾಕಲೇಬೇಡಿ. ಅಲ್ಲಿ ಹಾವು, ಚೇಳು ಇರುವ ಸಾಧ್ಯತೆ ಅಣಬೆಗಿಂತ ಕಡಿಮೆಯೇನಲ್ಲ.

ಮೊದಲ ಹೆಜ್ಜೆ: ಎಲ್ಲಿ ಬೆಳೆದಿದೆ?

ಮರ ಯಾವುದು ಅಂತ ಬರೆದುಕೊಳ್ಳಿ. ಬದುಕಿದೆಯಾ, ಒಣಗಿದೆಯಾ, ಕಡಿದ ಮೋಟಾ ಅಂತಲೂ ಬರೆಯಿರಿ. ಆಮೇಲೆ ಅಣಬೆ ನೆಲದಿಂದ ಎಷ್ಟು ಎತ್ತರದಲ್ಲಿದೆ ನೋಡಿ.

ನೆಲಮಟ್ಟದಲ್ಲಿ, ಬೇರು ಕಾಂಡ ಕೂಡುವ ಕಡೆ ಇದ್ದರೆ ಕೊಳೆತ ಬೇರು ಮತ್ತು ಬುಡದಲ್ಲಿದೆ. ಆಳೆತ್ತರದಲ್ಲಿ, ಹಿಂದೆ ಕೊಂಬೆ ಕಡಿದ ಗಾಯದಲ್ಲಿ ಇದ್ದರೆ ಒಳಗಿನ ಚೇಗು ಹೋಗುತ್ತಿದೆ. ಒಣಗಿದ ಕೊಂಬೆಯ ಮೇಲೆ ಮಾತ್ರ ಇದ್ದರೆ ಅದು ಸತ್ತ ಕಟ್ಟಿಗೆ ತಿನ್ನುವ ಅಣಬೆ, ಮರಕ್ಕೆ ಅದರಿಂದ ಅಷ್ಟು ಭಯವಿಲ್ಲ. ನೆಲದಲ್ಲಿ, ಮರದಿಂದ ಒಂದೆರಡು ಅಡಿ ದೂರ ಹುಲ್ಲಿನ ಮಧ್ಯೆ ಬಂದಿದ್ದರೂ ಬಿಡಬೇಡಿ. ಕೆಳಗೆ ಮಣ್ಣಲ್ಲಿ ಬೇರು ಇರುತ್ತದೆ, ಅದಕ್ಕೆ ಅಂಟಿಕೊಂಡೇ ಬಂದಿರುತ್ತದೆ.

ಬಿದ್ದ ಮರದ ಮೇಲೆ ಅಣಬೆ ಕಂಡರೆ ಇನ್ನೊಂದು ಸ್ವಾರಸ್ಯ ಇದೆ. ಈ ಅಣಬೆಗಳ ಅಡಿಭಾಗ ಯಾವಾಗಲೂ ನೆಲಕ್ಕೆ ಮುಖ ಮಾಡಿಯೇ ಬೆಳೆಯುತ್ತದೆ. ಬಿದ್ದ ಕಾಂಡದ ಮೇಲಿನ ಅಣಬೆ ಪಕ್ಕಕ್ಕೆ ತಿರುಗಿಕೊಂಡಿದ್ದರೆ ಮರ ನಿಂತಿದ್ದಾಗಲೇ ಅದು ಬಂದಿತ್ತು. ಈಗಿನ ನೆಲಕ್ಕೆ ಸರಿಯಾಗಿ ಮುಖ ಮಾಡಿದ್ದರೆ ಬಿದ್ದ ಮೇಲೆ ಬಂದದ್ದು. ಹಳೆಯ ಭಾಗ ಒಂದು ದಿಕ್ಕು, ಹೊಸ ಭಾಗ ಇನ್ನೊಂದು ದಿಕ್ಕು ಇರುವುದೂ ಉಂಟು. ಮರ ಯಾಕೆ ಬಿತ್ತು ಅಂತ ಜಗಳ ಆಡುವ ಹೊತ್ತಿಗೆ ಇದು ಒಳ್ಳೆಯ ಸಾಕ್ಷಿ.

ಎರಡನೆಯದು: ಬಗ್ಗಿ ಅಡಿ ನೋಡಿ

ಫೋನನ್ನು ಸೆಲ್ಫಿ ಕ್ಯಾಮೆರಾಕ್ಕೆ ಹಾಕಿ ಅಣಬೆಯ ಕೆಳಗೆ ಹಿಡಿದರೆ ನೆಲದಲ್ಲಿ ಮಲಗುವ ಕಷ್ಟ ತಪ್ಪುತ್ತದೆ. ಅಡಿಯಲ್ಲಿ ಏನಿದೆ? ಸಣ್ಣ ರಂಧ್ರಗಳಾ, ಗೆರೆಗಳಾ, ಅಥವಾ ಏನೂ ಇಲ್ಲದೆ ನುಣ್ಣಗಿದೆಯಾ?

ಬರಿಗಣ್ಣಿಗೆ ನುಣ್ಣಗೆ ಕಂಡು, ಭೂತಗನ್ನಡಿಯಲ್ಲಿ ಸೂಜಿ ಚುಚ್ಚಿದ ಹಾಗೆ ರಂಧ್ರ ಕಂಡರೆ ನೀವು ಗ್ಯಾನೋಡರ್ಮಾ ಅಥವಾ ಫೆಲ್ಲಿನಸ್ ಗುಂಪಿನ ಹತ್ತಿರ ಬಂದಿದ್ದೀರಿ. ಒಂದು ಮಿಲಿಮೀಟರ್ ಉದ್ದದಲ್ಲಿ ನಾಲ್ಕೈದು ರಂಧ್ರ ಕೂರುತ್ತವೆ, ಫೆಲ್ಲಿನಸ್‌ನಲ್ಲಿ ಇನ್ನೂ ಜಾಸ್ತಿ. ಆರು ಮೂಲೆಯ ದೊಡ್ಡ ದೊಡ್ಡ ಕಣ್ಣುಗಳು ಕನ್ನಡಿಯಿಲ್ಲದೆ ಕಂಡರೆ ಅದು ಹೆಕ್ಸಗೋನಿಯಾ. ಹೆಸರೇ ಹೇಳುತ್ತದೆ, ಅಲ್ವಾ? ಅದು ಒಣ ಕೊಂಬೆಯಲ್ಲಿ ಇರುವಂಥದ್ದು.

ಈಗ ಒಂದು ಸುಲಭದ ಪರೀಕ್ಷೆ. ಅಡಿಭಾಗ ಬಿಳಿಯಾಗಿ ತಾಜಾ ಇದ್ದರೆ ಉಗುರಿನಿಂದ ಒಂದು ಗೆರೆ ಎಳೆಯಿರಿ. ಆ ಗೆರೆ ನೋಡುತ್ತಿದ್ದಂತೆ ಕಂದು ಬಣ್ಣಕ್ಕೆ ತಿರುಗಿದರೆ ಅದು ಬಹುತೇಕ ಗ್ಯಾನೋಡರ್ಮಾ. ಒಣಗಿದ ಮೇಲೂ ಗೆರೆ ಹೋಗುವುದಿಲ್ಲ. ಇದರ ಮೇಲೆ ಚಿತ್ರ ಬರೆದು ಇಟ್ಟುಕೊಳ್ಳುವವರೂ ಹೊರದೇಶಗಳಲ್ಲಿ ಇದ್ದಾರೆ. ಗೆರೆ ಎಳೆದರೂ ಬಿಳಿ ಬಿಳಿಯಾಗಿಯೇ ಉಳಿದರೆ ಬೇರೆ ಕಡೆ ಹುಡುಕಿ.

ಗ್ಯಾನೋಡರ್ಮಾ ಹತ್ತಿರದಿಂದ

ಬುಡಕೊಳೆಗೆ ಸಂಬಂಧಿಸಿದಂತೆ ನಮ್ಮ ಊರುಗಳಲ್ಲಿ ಮುಖ್ಯವಾಗಿ ತಿಳಿದಿರಬೇಕಾದ್ದು ಇದು. ಹೊಂಗೆ, ಬೇವು, ಹುಣಸೆ, ಜಾಲಿ, ಗುಲ್‌ಮೊಹರ್, ಮಳೆ ಮರ, ಯಾವುದನ್ನೂ ಬಿಡುವುದಿಲ್ಲ. ಇದರಲ್ಲಿ ಎರಡು ರೂಪ ಕಾಣುತ್ತವೆ.

ಒಂದು, ಮಂಕು ಕಂದು ಬಣ್ಣದ್ದು. ದಪ್ಪ, ಹೊಳಪಿಲ್ಲ, ಮೇಲೆ ಉಬ್ಬು ತಗ್ಗಿನ ಅರ್ಧಚಂದ್ರದ ಗೆರೆಗಳು. ಮೇಲಿನ ಸಿಪ್ಪೆ ಉಗುರಿಗೆ ಬಗ್ಗದಷ್ಟು ಗಟ್ಟಿ. ವರ್ಷಗಟ್ಟಲೆ ಬೆಳೆದು ಮೊರದಗಲ ಆಗುವುದೂ ಉಂಟು. ಇದನ್ನು ಮೇಲಿನಿಂದ ಕೆಳಕ್ಕೆ ಕೊಯ್ದರೆ ಒಳಗೆ ಚಾಕಲೇಟ್ ಕಂದು ಬಣ್ಣದ ನಳಿಕೆಗಳ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಪದರ ಎಣಿಸಿ ವಯಸ್ಸು ಹೇಳುವ ಆಸೆ ಆಗುತ್ತದೆ. ಚಳಿಗಾಲ ಜೋರಾಗಿರುವ ದೇಶಗಳಲ್ಲಿ ಅದು ನಡೆಯುತ್ತದೆ. ವರ್ಷಕ್ಕೆ ಎರಡು ಸಲ ಮಳೆ ಜೋರಾಗುವ ನಮ್ಮ ಕಡೆ ಆ ಲೆಕ್ಕವನ್ನು ಅಷ್ಟು ನಂಬಬೇಡಿ. ಪುಸ್ತಕಗಳಲ್ಲಿ ಇದಕ್ಕೆ ಗ್ಯಾನೋಡರ್ಮಾ ಅಪ್ಲನೇಟಮ್ ಎಂಬ ಹೆಸರು ಸಿಗುತ್ತದೆ. ಬಿಸಿ ಪ್ರದೇಶಗಳಲ್ಲಿ ಅದರ ಹತ್ತಿರದ ಸಂಬಂಧಿ ಗ್ಯಾನೋಡರ್ಮಾ ಆಸ್ಟ್ರೇಲ್ ಜಾಸ್ತಿ. ಎರಡನ್ನೂ ಬೇರೆ ಮಾಡಲು ಸೂಕ್ಷ್ಮದರ್ಶಕದಲ್ಲಿ ಬೀಜಕಣ, ಅಂದರೆ ಅಣಬೆ ಉದುರಿಸುವ ಬೀಜದಂಥ ಪುಡಿ, ಅಳೆಯಬೇಕು. ಮನೆ ಮುಂದಿನ ಮರದ ಬಗ್ಗೆ ತೀರ್ಮಾನ ಮಾಡುವವರಿಗೆ ಅದರ ಅಗತ್ಯ ಇಲ್ಲ, ಗುಂಪಿನ ಹೆಸರು ಸಾಕು.

ಇನ್ನೊಂದು, ವಾರ್ನಿಷ್ ಬಳಿದ ಹಾಗೆ ಹೊಳೆಯುವ ಕೆಂಗಂದು ಬಣ್ಣದ್ದು. ಎಳೆಯದಾಗಿದ್ದಾಗ ಅಂಚು ಬಿಳಿ, ಅದರ ಒಳಗೆ ಹಳದಿ, ಆಮೇಲೆ ಕಿತ್ತಳೆ, ಬುಡದ ಕಡೆ ಹೋದಂತೆ ಕಡುಗೆಂಪು. ನೋಡಲು ಚೆಂದವೋ ಚೆಂದ. ಪಕ್ಕದಲ್ಲಿ ಒಂದು ತೊಟ್ಟು ಇರಬಹುದು. ಹಳೆಯದಾದರೆ ಹೊಳಪು ಧೂಳಿನಡಿ ಮುಚ್ಚಿಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಮತ್ತೆ ಕಾಣುತ್ತದೆ. ಇದನ್ನು ಗ್ಯಾನೋಡರ್ಮಾ ಲೂಸಿಡಮ್ ಅಂತ ಕರೆಯುವುದು ರೂಢಿ. ಆದರೆ ಆ ಹೆಸರು ಮೂಲತಃ ಇಂಗ್ಲೆಂಡಿನ ಅಣಬೆಗೆ ಕೊಟ್ಟದ್ದು. ಚೀನಾದಲ್ಲಿ ಔಷಧಿ ಅಂತ ಬೆಳೆಸುವ ಇಂಥದ್ದೇ ಅಣಬೆಗೆ 2012ರಲ್ಲಿ ಗ್ಯಾನೋಡರ್ಮಾ ಲಿಂಗ್‌ಝಿ ಎಂಬ ಬೇರೆ ಹೆಸರು ಬಂತು. ನಮ್ಮ ಬೀದಿಯ ಮರದ್ದೂ ಯುರೋಪಿನದೂ ಒಂದೇ ಅಂತ ಹೇಳುವ ಧೈರ್ಯ ಬೇಡ, "ಹೊಳೆಯುವ ಗ್ಯಾನೋಡರ್ಮಾ" ಅಂದರೆ ಸಾಕು.

ಎರಡಕ್ಕೂ ಸಾಮಾನ್ಯವಾದ ಗುರುತು ಕಂದು ಪುಡಿ. ಗ್ಯಾನೋಡರ್ಮಾದ ಬೀಜಕಣ ಕೋಕೋ ಬಣ್ಣದ್ದು. ಅದು ಅಡಿಯಿಂದ ಉದುರಿದರೂ ಗಾಳಿಗೆ ಮೇಲೆದ್ದು ಅಣಬೆಯ ಮೇಲೆಯೇ ಕೂರುತ್ತದೆ, ಅಕ್ಕಪಕ್ಕದ ತೊಗಟೆ, ಹುಲ್ಲು, ಜೇಡರ ಬಲೆ ಎಲ್ಲದರ ಮೇಲೂ ಕೂರುತ್ತದೆ. ಒಂದರ ಕೆಳಗೊಂದು ಅಣಬೆ ಇದ್ದಲ್ಲಿ ಕೆಳಗಿನದರ ಮೇಲೆ ಬೆರಳಾಡಿಸಿ. ಬೆರಳು ಕಂದಾಗುತ್ತದೆ, ಬೆರಳು ಓಡಿದ ಕಡೆ ಅಣಬೆಯ ನಿಜವಾದ ಬಣ್ಣ ಕಾಣುತ್ತದೆ. ಎಷ್ಟೋ ಜನ ಇದನ್ನು ಗೆದ್ದಲು ಮಣ್ಣು ಅಂದುಕೊಳ್ಳುತ್ತಾರೆ. ಗೆದ್ದಲು ಮಣ್ಣು ಅಂಟಿಕೊಂಡು ಗಂಟುಗಂಟಾಗಿರುತ್ತದೆ. ಇದು ಟಾಲ್ಕಂ ಪೌಡರಿಗಿಂತ ನಯ. ಅಪ್ಲನೇಟಮ್‌ನ ಒಂದು ದೊಡ್ಡ ಅಣಬೆ ದಿನಕ್ಕೆ 3000 ಕೋಟಿವರೆಗೂ ಬೀಜಕಣ ಉದುರಿಸುತ್ತದೆ ಅಂತ ಲೆಕ್ಕ ಹಾಕಿದ್ದಾರೆ.

ಪುಡಿ ಕಾಣದಿದ್ದರೆ ಮನೆಯಲ್ಲಿ ತೆಗೆಯಬಹುದು. ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಅಣಬೆಯ ತಾಜಾ ಚೂರನ್ನು ಅಡಿ ಕೆಳಗೆ ಮಾಡಿ ಇಡಿ. ಮೇಲೆ ಒಂದು ಬೋಗುಣಿ ಕವುಚಿ ರಾತ್ರಿ ಬಿಡಿ. ಕಂದು ಪುಡಿ ಬಿದ್ದರೆ ಗ್ಯಾನೋಡರ್ಮಾ. ಬಿಳಿ ಬಿದ್ದರೆ ಕಪ್ಪು ಕಾಗದದ ಮೇಲೆ ಗೊತ್ತಾಗುತ್ತದೆ, ಅದು ಮುಂದೆ ಹೇಳುವ ಟ್ರಮೇಟಿಸ್ ಥರದ್ದು. ಏನೂ ಬೀಳದೆ ಇದ್ದರೆ ಅಣಬೆ ಹಳೆಯದು, ಬೇಜಾರು ಬೇಡ.

ಇದರ ವೇಷದಲ್ಲಿ ಬರುವ ಬೇರೆಯವು

ಫೆಲ್ಲಿನಸ್ ಗುಂಪು ಹಳೆಯ ಗಟ್ಟಿ ಮರಗಳಲ್ಲಿ, ಸಾಮಾನ್ಯವಾಗಿ ಬುಡಕ್ಕಿಂತ ಮೇಲೆ ಸಿಗುತ್ತದೆ. ಗೊರಸಿನ ಆಕಾರ, ಮೇಲೆ ಕಪ್ಪಾಗಿ ಬಿರುಕು ಬಿಟ್ಟಿರುತ್ತದೆ, ಹೊಳಪು ಇಲ್ಲವೇ ಇಲ್ಲ. ಮುರಿದರೆ ಒಳಗೆಲ್ಲ ತುಕ್ಕಿನ ಅರಿಶಿನಗಂದು ಬಣ್ಣ. ಅಡಿಭಾಗವೂ ಕಂದೇ, ಆದ್ದರಿಂದ ಉಗುರಿನ ಗೆರೆ ಪರೀಕ್ಷೆ ಇಲ್ಲಿ ಕೆಲಸ ಮಾಡುವುದಿಲ್ಲ. ಲ್ಯಾಬ್ ಇರುವವರು ಇದರ ಚೂರಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಹಾಕುತ್ತಾರೆ, ಕೂಡಲೇ ಕಪ್ಪಾಗುತ್ತದೆ. ಆ ದ್ರಾವಣ ಕೈ ಸುಡುತ್ತದೆ, ಮಕ್ಕಳಿರುವ ಮನೆಯಲ್ಲಿ ಅದರ ಗೊಡವೆ ಬೇಡ.

ಇಯರ್ಲಿಯೆಲ್ಲಾ ಅಂತ ಒಂದಿದೆ. ಮೇಲೆ ಕೆಂಗಂದು, ಅಂಚು ಬಿಳಿ, ಮೊದಲ ನೋಟಕ್ಕೆ ಹೊಳೆಯುವ ಗ್ಯಾನೋಡರ್ಮಾ ಅಂತಲೇ ಅನಿಸುತ್ತದೆ. ಆದರೆ ತೆಳು. ಮುಕ್ಕಾಲು ಭಾಗ ಕಟ್ಟಿಗೆಗೆ ಅಂಟಿಕೊಂಡು ಅಂಚು ಮಾತ್ರ ಎದ್ದಿರುತ್ತದೆ. ಅಡಿಯ ರಂಧ್ರಗಳು ದುಂಡಗಿಲ್ಲದೆ ವಕ್ರವಕ್ರವಾಗಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಕಂದು ಪುಡಿ ಇಲ್ಲ. ಇದು ಸತ್ತ ಕಟ್ಟಿಗೆಯದು.

ಕಿತ್ತಳೆಗೆಂಪು ಬಣ್ಣದ, ಮೇಲೆ ಕೆಳಗೆ ಎರಡೂ ಕಡೆ ಅದೇ ಬಣ್ಣದ ತೆಳು ಅಣಬೆ ಒಣ ಕೊಂಬೆಯಲ್ಲಿ, ಬೇಲಿ ಗೂಟದಲ್ಲಿ ಕಂಡರೆ ಅದು ಪಿಕ್ನೋಪೋರಸ್. ಬೇರೆ ಯಾವುದರ ಜೊತೆಗೂ ಗೊಂದಲ ಆಗುವುದಿಲ್ಲ. ಬೂದು, ಕಂದು ಪಟ್ಟೆಪಟ್ಟೆಯ, ಮಡಚಿದರೆ ಬಾಗುವಷ್ಟು ತೆಳುವಾದ ಸಾಲುಗಳು ಟ್ರಮೇಟಿಸ್. ಬೆರಳ ತುದಿಯಷ್ಟೇ ದೊಡ್ಡದಿದ್ದು, ಮೇಲೆ ಬಿಳಿ ರೋಮ, ಅಡಿಯಲ್ಲಿ ಉದ್ದಕ್ಕೆ ಸೀಳಿದ ಗೆರೆಗಳಿದ್ದರೆ ಸೀಳುಗೆರೆ ಅಣಬೆ, ಅಂದರೆ ಸ್ಕಿಜೋಫಿಲ್ಲಂ. ಬಿಸಿಲಿಗೆ ಮುದುಡಿಕೊಂಡು, ಮಳೆ ಬಿದ್ದರೆ ಮತ್ತೆ ಅರಳುತ್ತದೆ. ಸೌದೆ ಒಟ್ಟಿದ ಕಡೆ ಹುಡುಕಿದರೆ ಸಿಗುತ್ತದೆ.

ಕೊಳೆತ ಎಂಥದ್ದು?

ಬುಡದಲ್ಲಿ ಮುರಿದ ಚೂರೊಂದು ಸಿಕ್ಕರೆ ಕೈಯಲ್ಲಿ ಹಿಸುಕಿ ನೋಡಿ. ಬಿಳುಪೇರಿ, ಒದ್ದೆಯಾಗಿ, ನಾರುನಾರಾಗಿ ಬಿಡಿಸಿಕೊಂಡರೆ ಬಿಳಿ ಕೊಳೆ. ಗ್ಯಾನೋಡರ್ಮಾ, ಫೆಲ್ಲಿನಸ್, ಟ್ರಮೇಟಿಸ್ ಎಲ್ಲ ಈ ಜಾತಿ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನೇ ಇವು ಅರಗಿಸಿಕೊಳ್ಳುತ್ತವೆ. ಕಂದಾಗಿ, ಚೌಕ ಚೌಕ ತುಂಡುಗಳಾಗಿ ಬಿರಿದು ಬೆರಳಲ್ಲಿ ಪುಡಿಯಾದರೆ ಕಂದು ಕೊಳೆ. ಅಲ್ಲಿ ಸೆಲ್ಯುಲೋಸ್ ಹೋಗಿ ಲಿಗ್ನಿನ್ ಉಳಿದಿರುತ್ತದೆ. ಊರ ಕಡೆ ಎರಡಕ್ಕೂ "ಲಡ್ಡು ಹಿಡಿದಿದೆ" ಅಂದುಬಿಡುತ್ತಾರೆ. ಮರ ಕಡಿಯುವವರಿಗೆ ಅಷ್ಟು ಸಾಕು, ಅಣಬೆ ಗುರುತಿಸುವವರಿಗೆ ಸಾಲದು. ಬಿಳಿ ಕೊಳೆಯ ಮರದಲ್ಲಿ ಗ್ಯಾನೋಡರ್ಮಾ ಇದೆ ಅಂದರೆ ಸರಿಹೊಂದುತ್ತದೆ. ಚೌಕ ತುಂಡು ಕಂಡಿದ್ದರೆ ಗುರುತು ಮತ್ತೊಮ್ಮೆ ನೋಡಿ.

ಮರದ ಗತಿ ಏನು?

ಅಣಬೆ ಕಂಡ ಕೂಡಲೇ ಮರ ಕಡಿಸಲು ಓಡಬೇಡಿ. ಟೊಳ್ಳಾದ ಹುಣಸೆ, ಆಲ ಎಷ್ಟೋ ಕಾಲ ನಿಂತಿರುವುದನ್ನು ಎಲ್ಲರೂ ನೋಡಿದ್ದೇವೆ. ಮರದ ಸುತ್ತ ಮರದ ಸುತ್ತಿಗೆಯಿಂದ ತಟ್ಟುತ್ತಾ ಬನ್ನಿ. ಗಟ್ಟಿ ಇರುವ ಕಡೆ ಸದ್ದು ಮೊಟಕು, ಟೊಳ್ಳಿರುವ ಕಡೆ ಡೊಳ್ಳಿನ ಸದ್ದು. ಸುತ್ತಲಿನ ಗಟ್ಟಿ ಭಾಗದ ದಪ್ಪ ಕಾಂಡದ ಅರ್ಧ ಅಗಲದ ಮೂರನೇ ಒಂದು ಪಾಲು ಉಳಿದಿದ್ದರೆ ಕಾಂಡ ತಡೆದುಕೊಳ್ಳುತ್ತದೆ ಅಂತ ಮರ ಪರೀಕ್ಷೆ ಮಾಡುವವರಲ್ಲಿ ಒಂದು ಅಂದಾಜು ಇದೆ. ಆದರೆ ಇದು ಕಾಂಡಕ್ಕೆ ಹೇಳಿದ ಮಾತು. ಬೇರೇ ಕೊಳೆತಿದ್ದರೆ ಕಾಂಡ ಎಷ್ಟು ಗಟ್ಟಿ ಇದ್ದು ಏನು ಬಂತು?

ಅದಕ್ಕೇ ಬುಡದ ಗ್ಯಾನೋಡರ್ಮಾಕ್ಕೆ ನಾನು ಜಾಸ್ತಿ ಹೆದರುತ್ತೇನೆ. ಎಲೆ ಹಸಿರಾಗಿರುವಾಗಲೇ ಬೇರಿನ ಹಿಡಿತ ಹೋಗಿರಬಹುದು. ಬುಡದ ಎರಡು ಮೂರು ಕಡೆ ಅಣಬೆ, ತುದಿಯ ಕೊಂಬೆಗಳು ಒಣಗುತ್ತಿರುವುದು, ಮರ ಹೊಸದಾಗಿ ಒಂದು ಕಡೆ ವಾಲಿರುವುದು, ವಾಲಿದ ಹಿಂಬದಿಯಲ್ಲಿ ಮಣ್ಣು ಬಿರಿದಿರುವುದು, ಇವು ಒಟ್ಟಿಗೆ ಕಂಡರೆ ಕಾರು ಬೇರೆ ಕಡೆ ನಿಲ್ಲಿಸಿ, ಕೂಡಲೇ ದೂರು ಕೊಡಿ. ರಸ್ತೆ ಬದಿ ಮರವಾದರೆ ಪಾಲಿಕೆ ಅಥವಾ ನಗರಸಭೆಗೆ, ಇಲ್ಲದಿದ್ದರೆ ಅರಣ್ಯ ಇಲಾಖೆಗೆ. ನಿಮ್ಮದೇ ಸೈಟಿನ ಮರವಾದರೂ ಸುಮ್ನೆ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಕೇಳಿ ತಿಳಿದುಕೊಳ್ಳಿ. ಅರ್ಜಿಯ ಜೊತೆ ಮೂರು ಫೋಟೋ ಹಾಕಿ: ದೂರದಿಂದ ಇಡೀ ಮರ, ಬುಡದಲ್ಲಿ ನಾಣ್ಯದ ಜೊತೆ ಅಣಬೆ, ಅಣಬೆಯ ಅಡಿಭಾಗ. "ಮರ ಅಪಾಯದಲ್ಲಿದೆ" ಅಂತ ಬರೆಯುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ.

ಇದಕ್ಕೆ ಔಷಧಿ? ನಿಂತ ಮರದೊಳಗೆ ಹರಡಿದ ಅಣಬೆಯನ್ನು ತೆಗೆದುಹಾಕುವ ಸಿಂಪಡಣೆ ಯಾವುದೂ ಇಲ್ಲ. ಪೊಟರೆಗೆ ಸಿಮೆಂಟ್ ತುಂಬಿಸುವುದು ಹಳೆಯ ರೂಢಿ, ಅದು ನೀರು ಹಿಡಿದಿಟ್ಟು ಕೊಳೆತವನ್ನು ಹೆಚ್ಚಿಸಬಹುದೇ ಹೊರತು ಕಡಿಮೆ ಮಾಡುವುದಿಲ್ಲ. ನಮ್ಮ ಕೈಲಿ ಇರುವುದು ಗಾಯ ಆಗದಂತೆ ನೋಡಿಕೊಳ್ಳುವುದು. ಬುಡದವರೆಗೂ ಟೈಲ್ಸ್ ಹಾಕಬೇಡಿ. ಕೇಬಲ್, ಒಳಚರಂಡಿ ಅಂತ ಬೇರು ಕತ್ತರಿಸಿ ಗುಂಡಿ ತೋಡುವಾಗ ಒಂದು ಮಾತು ಆಡಿ. ಬುಡದಲ್ಲಿ ಕಸ ಸುಡಲು ಬಿಡಬೇಡಿ. ತಂತಿಗೆ ತಾಗುತ್ತದೆ ಅಂತ ಕೊಂಬೆ ಕಡಿಯುವಾಗ ಅರ್ಧಕ್ಕೆ ಮೋಟು ಬಿಡದೆ, ಕಾಂಡಕ್ಕೆ ಕೂಡುವ ಉಬ್ಬಿನ ಹೊರಗೆ ನೀಟಾಗಿ ಕೊಯ್ಯಲು ಹೇಳಿ. ಆಗ ಗಾಯ ತಾನಾಗಿ ಮುಚ್ಚಿಕೊಳ್ಳುತ್ತದೆ.

ತೆಂಗಿನ ತೋಟದವರಿಗೆ ಒಂದು ಮಾತು

ತೆಂಗು ಈ ಗಟ್ಟಿ ಮರಗಳ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮದ್ದೂರು, ಪಾಂಡವಪುರದ ಕಡೆ ಈ ಅಣಬೆ ಬಗ್ಗೆ ಮಾತೆತ್ತಿದರೆ ಮೊದಲ ಪ್ರಶ್ನೆ ತೆಂಗಿನದ್ದೇ. ತೆಂಗು, ಅಡಿಕೆಯಲ್ಲಿ ಬರುವ ಅಣಬೆ ರೋಗವೂ ಗ್ಯಾನೋಡರ್ಮಾದ್ದೇ. ಅಲ್ಲಿ ಅಣಬೆ ಕಾಣುವುದು ಕೊನೆಗೆ. ಮೊದಲು ಕೆಳಗಿನ ಗರಿಗಳು ಬಾಡಿ ಜೋತು ಬೀಳುತ್ತವೆ, ಬುಡದಿಂದ ಕೆಂಗಂದು ರಸ ಸೋರುತ್ತದೆ. ರೋಗದ ಮರದ ಸುತ್ತ ಕಾಲುವೆ ತೋಡಿ ಪಕ್ಕದ ಮರಗಳ ಬೇರಿನಿಂದ ಬೇರೆ ಮಾಡುವುದು, ನೀರು ಒಂದು ಮರದಿಂದ ಇನ್ನೊಂದಕ್ಕೆ ಹರಿದು ಹೋಗದಂತೆ ನೋಡುವುದು, ಮರಕ್ಕೆ ವರ್ಷಕ್ಕೆ 5 ಕೆ.ಜಿ. ಬೇವಿನ ಹಿಂಡಿ, ಜೊತೆಗೆ ಟ್ರೈಕೋಡರ್ಮಾ (ರೋಗದ ಅಣಬೆಯನ್ನು ಹತ್ತಿಕ್ಕುವ ಇನ್ನೊಂದು ಶಿಲೀಂಧ್ರ), ಇದು ಕೃಷಿ ವಿಜ್ಞಾನಿಗಳ ಸಲಹೆ. ಅನುಮಾನ ಇದ್ದರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂಗೆ ಚೂರು ತೆಗೆದುಕೊಂಡು ಹೋಗಿ ತೋರಿಸಿ.

ತೆಂಗಾಗಲಿ ಹೊಂಗೆಯಾಗಲಿ, ಕಡಿಸಿದ ಮೇಲೆ ಮೋಟನ್ನು ಹಾಗೇ ಬಿಡಬೇಡಿ. ಗ್ಯಾನೋಡರ್ಮಾ ಆ ಮೋಟಿನಲ್ಲಿ, ಮಣ್ಣಿನ ಬೇರಿನಲ್ಲಿ ವರ್ಷಗಟ್ಟಲೆ ಬದುಕಿ ಪಕ್ಕದ ಮರದ ಬೇರಿಗೆ ದಾಟುತ್ತದೆ. ಆದಷ್ಟು ಬೇರು ಸಮೇತ ಅಗೆಸಿ ತೆಗೆಸಿ. ಹೊಸ ಸಸಿಯನ್ನು ಅದೇ ಗುಂಡಿಗೆ ಇಡದೆ ಸ್ವಲ್ಪ ದೂರದಲ್ಲಿ ನೆಡಿ.